ಪಿಕಪ್ ಇದ್ದವನ ಶನಿವಾರ

ನ್ಯೂಜೆರ್ಸಿಯಲ್ಲಿ ನಮ್ಮ ಗಾಡಿಗೆ ನಾವೇ ಪೆಟ್ರೋಲ್ ಹಾಕಿಕೊಳ್ಳುವಂತಿಲ್ಲ. 1949ರಲ್ಲಿ ಆದ ಕಾನೂನು, ಇನ್ನೂ ಜಾರಿಯಲ್ಲಿದೆ. ಅಮೆರಿಕದ ಉಳಿದ ರಾಜ್ಯಗಳ ಜನ ಬಂಕಿನಲ್ಲಿ ಇಳಿದು, ಪೈಪು ಹಿಡಿದು, ಚಳಿಯಲ್ಲಿ ನಡುಗುತ್ತ ತಮ್ಮ ಟ್ಯಾಂಕು ತಾವೇ ತುಂಬಿಸಿಕೊಳ್ಳುತ್ತಾರೆ. ನಮ್ಮ ಜೊತೆಗಿದ್ದ ಆರೆಗನ್ ರಾಜ್ಯವೂ 2023ರಲ್ಲಿ ಕೈಬಿಟ್ಟಿತು. ಈಗ ನಾವು ಮಾತ್ರ ಗಾಜು ಇಳಿಸಿ, ಕೂತಲ್ಲೇ ಕೂತು, "ಫುಲ್ ಮಾಡಪ್ಪ" ಅನ್ನುವ ಭಾಗ್ಯವಂತರು. ಬಂಕಿನ ಹುಡುಗ ಪಂಜಾಬಿಯೋ ಗುಜರಾತಿಯೋ ಆಗಿದ್ದರೆ ಊರಲ್ಲಿ ಇದ್ದ ಹಾಗೇ ಅನಿಸುತ್ತದೆ.

ಇಂಥ ರಾಜ್ಯದಲ್ಲಿ ಕೈ ಕೊಳೆಯಾಗುವುದು ಕಷ್ಟ. ಹುಲ್ಲು ಕತ್ತರಿಸಲು ಒಬ್ಬ, ಹಿಮ ಗೋರಲು ಒಬ್ಬ, ಆಯಿಲ್ ಬದಲಿಸಲು ಮತ್ತೊಬ್ಬ. ಓಲ್ಡ್ ಬ್ರಿಡ್ಜ್‌ನಂಥ ಊರಲ್ಲಿ ಕಂಪ್ಯೂಟರಿನ ಕೀಲಿ ಒತ್ತಿ ಅರ್ಧ ಆಯುಷ್ಯ ಕಳೆದವನ ಬೆರಳಿಗೆ ಗ್ರೀಸು ತಾಗುವ ಸಂದರ್ಭವೇ ಬರುವುದಿಲ್ಲ. ಬಂದರೆ ಅದು ಅವನೇ ಕರೆಸಿಕೊಂಡ ಗ್ರಹಚಾರ. ನನ್ನ ಗ್ರಹಚಾರದ ಹೆಸರು ಫೋರ್ಡ್ ರೇಂಜರ್. 1994ರ ಮಾಡೆಲ್, ಫೋರ್ ವೀಲ್ ಡ್ರೈವ್ ಪಿಕಪ್, ಐದು ಗೇರು, ಮೂವರು ಮೈಗೆ ಮೈ ತಾಗಿಸಿ ಕೂರಬಹುದಾದ ಒಂದೇ ಸೀಟು, ಹಿಂದೆ ತೆರೆದ ತೊಟ್ಟಿ. ಬಣ್ಣ ಕೆಂಪು ಎಂದು ಕಾಗದದಲ್ಲಿ ಬರೆದಿತ್ತು.

ಸುದ್ದಿ ಕೇಳಿ ಊರಿಂದ ಅಣ್ಣ ಫೋನು ಮಾಡಿದ. "ನಿಂಗೆ ಎಂಥಕ್ಕೆ ಮಾರಾಯ ಆ ಗುಜರಿ? ಅಲ್ಲೇನು ಘಾಟಿ ಉಂಟಾ?"

ಘಾಟಿಯೇನೂ ಇಲ್ಲ. ಮಿಡ್ಲ್‌ಸೆಕ್ಸ್ ಕೌಂಟಿಯ ತೆಂಕಣ ತುದಿಯಲ್ಲಿ, ಸೌತ್ ರಿವರ್ ಎಂಬ ಸಣ್ಣ ಹೊಳೆಗೂ ರಾರಿಟನ್ ಕೊಲ್ಲಿಗೂ ನಡುವೆ ಹರಡಿಕೊಂಡ ಮಟ್ಟಸ ಊರು ನಮ್ಮದು. 1975ರವರೆಗೆ ಇದರ ಹೆಸರು ಮ್ಯಾಡಿಸನ್ ಅಂತಿತ್ತು. ಊರೊಳಗೆ ಏರಬೇಕಾದದ್ದು ಏನಾದರೂ ಇದ್ದರೆ ರೂಟ್ 9ರ ಮೇಲ್ಸೇತುವೆ. ಸಾಹಸ ಬೇಕೆಂದರೆ ರೂಟ್ 18ರಲ್ಲಿ ಎಡಕ್ಕೆ ತಿರುಗಲು ನೋಡಬೇಕು. ಎಡಕ್ಕೆ ಹೋಗಬೇಕಾದವನು ಮೊದಲು ಬಲಕ್ಕೆ ಹೋಗಿ, ಒಂದು ಸುತ್ತು ಹಾಕಿ, ಸಿಗ್ನಲ್ಲಿನಲ್ಲಿ ಕಾದು ರಸ್ತೆ ದಾಟಬೇಕು. ಜಗ್‌ಹ್ಯಾಂಡಲ್ ಎಂಬ ಈ ವ್ಯವಸ್ಥೆ ನ್ಯೂಜೆರ್ಸಿಯ ಹೆಮ್ಮೆ. ಇದಕ್ಕೆ ತಾಳ್ಮೆ ಬೇಕು, ನಾಲ್ಕು ಚಕ್ರಕ್ಕೂ ಶಕ್ತಿ ಬೇಕಿಲ್ಲ.

ಮತ್ತೆ ಎಂಥಕ್ಕೆ? ಅಣ್ಣನಿಗೆ ಉತ್ತರ ಗೊತ್ತಿತ್ತು, ಸುಮ್ಮನೆ ಕೆಣಕಿದ್ದ. ನಾವಿಬ್ಬರೂ ಒಂದೇ ಜೀಪಿನ ಹಿಂದೆ ಓಡಿ ಬೆಳೆದವರು.

ನಮ್ಮೂರು ಸಾಗರ ತಾಲ್ಲೂಕಿನ ತುಮರಿಯ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡಾಗ ಗದ್ದೆ, ತೋಟ, ರಸ್ತೆ ಎಲ್ಲ ನೀರಿನಡಿ ಹೋದವು. ಉಳಿದ ನಾವು ಮೂರು ಕಡೆ ನೀರು, ಒಂದು ಕಡೆ ಕಾಡು ಇಟ್ಟುಕೊಂಡು ಕೂತೆವು. ನಾಡಿಗೆಲ್ಲ ಕರೆಂಟು ಕೊಟ್ಟ ಹೊಳೆ, ಅದರ ದಂಡೆಯವರಿಗೆ ಕೊಟ್ಟದ್ದು ಒಂದು ಲಾಂಚು. ಸಾಗರಕ್ಕೆ ಹೋಗಬೇಕೆಂದರೆ ಹೊಳೆಬಾಗಿಲಿನ ಲಾಂಚು ಹತ್ತಿ ಆಚೆ ದಡ ಸೇರಬೇಕಿತ್ತು. ಬಸ್ಸು, ಬೈಕು, ಮದುವೆ ದಿಬ್ಬಣ, ಸಿಗಂದೂರಿಗೆ ಹರಕೆ ಹೊತ್ತವರು, ದನ, ಅಡಿಕೆ ಮೂಟೆ, ಎಲ್ಲರಿಗೂ ಅದೇ ಲಾಂಚು. ಸಂಜೆಯಾದ ಮೇಲೆ ಅದೂ ಇರುತ್ತಿರಲಿಲ್ಲ. ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಕಾಡಿನ ದಾರಿಯಲ್ಲಿ ನಿಟ್ಟೂರಿನ ಕಡೆಗೋ ಕೊಲ್ಲೂರಿನ ಕಡೆಗೋ ಸುತ್ತು ಹೊಡೆಯಬೇಕಿತ್ತು.

ಆ ಸುತ್ತು ಹೊಡೆಯುತ್ತಿದ್ದದ್ದು ಗೌಡರ ಜೀಪು. ಮಹೀಂದ್ರದ್ದು, ಹಸಿರು ಬಣ್ಣದ್ದು, ಟಾರ್ಪಾಲಿನ ಟಪ್ಪಿನದ್ದು. ಹೆಸರಿಗೆ ಗೌಡರದ್ದು, ಅವರಿಗೆ ಅದು ಸಿಗುತ್ತಿದ್ದದ್ದು ಅಪರೂಪ. ಬೆಳಗ್ಗೆ ಹಾಲಿನ ಕ್ಯಾನು, ಮಧ್ಯಾಹ್ನ ಪಂಪ್‌ಸೆಟ್ಟು, ಸುಗ್ಗಿಯಲ್ಲಿ ಅಡಿಕೆ, ಚುನಾವಣೆಯಲ್ಲಿ ಮೈಕು, ದೀಪಾವಳಿಗೆ ಊರಿನ ನೆಂಟರು. ಮದುಮಗ ಹೋದದ್ದೂ ಅದರಲ್ಲೇ, ಅವನ ಅಜ್ಜನ ಹೆಣ ಬಂದದ್ದೂ ಅದರಲ್ಲೇ. ಮಳೆಗಾಲದ ಕೆಸರಿನಲ್ಲಿ ಡ್ರೈವರು ಗಂಭೀರನಾಗಿ "ಫೋರ್ ವೀಲ್ ಹಾಕ್ತೀನಿ, ಗಟ್ಟಿ ಹಿಡ್ಕಳಿ" ಎಂದು ಸಣ್ಣ ಗೇರಿನ ಕೋಲನ್ನು ಎಳೆಯುತ್ತಿದ್ದ. ಗಾಡಿ ಒಮ್ಮೆ ಮುಕ್ಕಿ, ಮೂಗು ಎತ್ತಿ, ದಿಬ್ಬ ಹತ್ತುತ್ತಿತ್ತು. ಹಿಂದೆ ನೇತಾಡುತ್ತಿದ್ದ ನನಗೆ ಆ ಸಣ್ಣ ಕೋಲಿನ ಮೇಲೆ ಆದ ಮೋಹ ಕೊನೆಗೂ ಬಿಡಲಿಲ್ಲ. ಜೀಪು ಊರಿನವರ ಪಾಲಾಗುತ್ತಿದ್ದದ್ದರಿಂದ ಗೌಡರಿಗೆ ಎಷ್ಟು ಕಿರಿಕಿರಿಯಾಗುತ್ತಿತ್ತೆಂಬುದು ಮಾತ್ರ ನನಗೆ ತಿಳಿದದ್ದು ಈಗ, ನಾನೇ ಒಂದು ಗಾಡಿ ಇಟ್ಟುಕೊಂಡ ಮೇಲೆ.

ಗಾಡಿ ಮನೆಗೆ ಬಂದದ್ದು ಬೇರೆ ಗಾಡಿಯ ಬೆನ್ನೇರಿ. ಇಳಿಸಿದ ಜಾಗದಲ್ಲಿ ಐದು ನಿಮಿಷದೊಳಗೆ ಎಣ್ಣೆಯ ಒಂದು ಮಚ್ಚೆ ಮೂಡಿತು. ನಮ್ಮನೆಯವಳು ಬಾಗಿಲಲ್ಲಿ ನಿಂತು ಗಾಡಿಯನ್ನು ನೋಡಿದಳು, ಮಚ್ಚೆಯನ್ನು ನೋಡಿದಳು, ನನ್ನನ್ನು ನೋಡಿದಳು. "ರಂಗೋಲಿ ಹಾಕೋ ಕೆಲಸ ಉಳೀತು" ಅಂದು ಒಳಗೆ ಹೋದಳು. ಅಷ್ಟರಲ್ಲಿ ಎದುರುಮನೆಯ ಮುದುಕ ಬಂದ. ಇಟಲಿಯ ಮೂಲದವನು, ಎಂಬತ್ತರ ಹತ್ತಿರ, ಅಷ್ಟು ವರ್ಷ ಎದುರುಬದುರು ಇದ್ದೂ ನಮ್ಮಿಬ್ಬರ ಸಂಭಾಷಣೆ ಕೈ ಎತ್ತುವುದಕ್ಕಿಂತ ಮುಂದೆ ಹೋಗಿರಲಿಲ್ಲ. ನೇರ ಮುಂದಿನ ಗಾಜಿನ ಹತ್ತಿರ ಹೋಗಿ, ಕನ್ನಡಕ ಏರಿಸಿ, ಡ್ಯಾಶ್‌ಬೋರ್ಡಿನ ಮೂಲೆಯಲ್ಲಿದ್ದ ನಂಬರನ್ನು ಬೆರಳಿಟ್ಟು ಎಣಿಸಿದ. ಹನ್ನೊಂದನೆಯ ಅಕ್ಷರದಲ್ಲಿ ನಿಂತ. "ಟಿ" ಅಂದ. ಮುಖ ಅರಳಿತು. "ಇದು ನಮ್ಮದು."

ಅಮೆರಿಕದಲ್ಲಿ 1981ರಿಂದೀಚಿನ ಎಲ್ಲ ವಾಹನಗಳಿಗೂ 17 ಅಕ್ಷರಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದರಲ್ಲಿ ಹನ್ನೊಂದನೆಯದು ಗಾಡಿ ಹುಟ್ಟಿದ ಕಾರ್ಖಾನೆಯದು. ಫೋರ್ಡಿನವರ ಲೆಕ್ಕದಲ್ಲಿ ಟಿ ಅಂದರೆ ಎಡಿಸನ್. ಹೌದು, ನಾವು ಓಕ್ ಟ್ರೀ ರೋಡಿನಲ್ಲಿ ಕರಿಬೇವು, ತೊಂಡೆಕಾಯಿ, ಮಂಗಳೂರು ಸೌತೆ ತರಲು ಹೋಗುವ ಅದೇ ಎಡಿಸನ್. ರೂಟ್ 1ರ ಬದಿಯಲ್ಲಿ 1948ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಮಸ್ಟ್ಯಾಂಗ್ ಕಾರುಗಳಾಗಿವೆ, ಪಿಂಟೋಗಳಾಗಿವೆ, ಕೊನೆಕೊನೆಗೆ ರೇಂಜರ್ ಪಿಕಪ್ಪುಗಳು. 2004ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. ಮರುವರ್ಷ ಹತ್ತಿರದ ಲಿಂಡನ್ನಿನಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆಯೂ ಮುಚ್ಚಿತು. ಕಾರು ಕಟ್ಟುತ್ತಿದ್ದ ಎಡಿಸನ್ನಿನ ಆ ಜಾಗದಲ್ಲಿ ಈಗ ಅಂಗಡಿ ಸಾಲು. ನಾನು ಅಲ್ಲಿ ಕಾರು ನಿಲ್ಲಿಸಿ ಸಾಮಾನು ತಂದಿದ್ದೇನೆ, ಕಾಲಡಿ ಏನಿತ್ತೆಂದು ಒಮ್ಮೆಯೂ ಕೇಳದೆ.

ಮುದುಕ ಅಲ್ಲಿ ಪೇಂಟ್ ವಿಭಾಗದಲ್ಲಿದ್ದವನಂತೆ. ಅವನಿಂದ ಕೇಳಿದ ಗಾಡಿಯ ಕುಲಗೋತ್ರ ಹೀಗೆ: ನಾಲ್ಕು ಲೀಟರಿನ ವಿ6 ಎಂಜಿನ್ನು ಜರ್ಮನಿಯ ಕಲೋನಿನಿಂದ ಬಂದದ್ದು, ಗೇರ್‌ಬಾಕ್ಸು ಜಪಾನಿನ ಮಾಜ್ದಾದವರದ್ದು, ಕೂಡಿಸಿ ಕಟ್ಟಿದ್ದು ಎಡಿಸನ್ನಿನಲ್ಲಿ. ಈಗ ಓಡಿಸುವವನು ತುಮರಿಯವನು. ನ್ಯೂಜೆರ್ಸಿಯ ಯಾವ ಬೀದಿಯ ಜನಗಣತಿಯೂ ಇದಕ್ಕಿಂತ ಬೇರೆ ಇರಲಿಕ್ಕಿಲ್ಲ.

ರಿಪೇರಿಯ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಲ್ಲಿ ಹಳೇ ಗಾಡಿಯ ಶತ್ರು ಮೈಲಿಯಲ್ಲ, ಉಪ್ಪು. ಹಿಮ ಬೀಳುವ ಮುನ್ನ ಉಪ್ಪುನೀರು ಸುರಿಯುತ್ತಾರೆ, ಬಿದ್ದ ಮೇಲೆ ಉಪ್ಪಿನ ಹರಳು ಚೆಲ್ಲುತ್ತಾರೆ. ಅದು ಕರಗಿ ಗಾಡಿಯ ಹೊಟ್ಟೆಗೆ ಸಿಡಿದು ಚಾಸಿಯ ಮೂಲೆಮೂಲೆಗೆ ಹೋಗಿ ಕೂರುತ್ತದೆ. ಎಂಜಿನ್ನು ಎರಡು ಲಕ್ಷ ಮೈಲಿ ದಾಟಿಯೂ ಗುಟುರು ಹಾಕುತ್ತಿರುತ್ತದೆ, ಅದನ್ನು ಹೊತ್ತ ಕಬ್ಬಿಣ ಹಪ್ಪಳವಾಗಿರುತ್ತದೆ. ನನ್ನ ಗಾಡಿಯ ಹಿಂದಿನ ಸ್ಪ್ರಿಂಗ್ ಪ್ಲೇಟುಗಳನ್ನು ಚಾಸಿಗೆ ತಗುಲಿಸುವ ಷಾಕಲ್ಲುಗಳ ಕಥೆ ಅದೇ ಆಗಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ತಟ್ಟಿದರೆ ಪದರಪದರವಾಗಿ ಉದುರಿತು. ಹೊಸ ಷಾಕಲ್ಲಿನ ಬೆಲೆ ಹೆಚ್ಚಲ್ಲ. ಹಳೆಯದನ್ನು ಬಿಚ್ಚುವುದೇ ವ್ಯವಹಾರ. ಕಾರ್ಖಾನೆಯಲ್ಲಿ ಅದನ್ನು ಬೋಲ್ಟಿನಿಂದ ಬಿಗಿಯದೆ ರಿವೆಟ್ಟು ಹೊಡೆದಿದ್ದರು. ಒಂದೊಂದೇ ರಿವೆಟ್ಟಿನ ತಲೆಯನ್ನು ಗ್ರೈಂಡರಿನಲ್ಲಿ ಸವೆಸಿ, ಉಳಿದ ದಂಟನ್ನು ಸುತ್ತಿಗೆಯಿಂದ ಹೊಡೆದು ಹೊರಗೆ ಹಾಕಬೇಕು. ನಾನು ಬೆನ್ನಿನ ಮೇಲೆ ಮಲಗಿ, ಕಣ್ಣಿಗೆ ತುಕ್ಕು ಬೀಳಿಸಿಕೊಳ್ಳುತ್ತ, "ಇದನ್ನು ಹೊಡೆದವನು ನಿನ್ನ ಸ್ನೇಹಿತನೇ ಇರಬೇಕು" ಎಂದು ಕೂಗಿದೆ. ಮುದುಕ ಮಡಿಚುವ ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುತ್ತ, "ಆ ಪಾಪ ನನಗಂಟದು, ನಾನು ಪೇಂಟಿನವನು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆದರೆ ನೋಡು, ಎಷ್ಟು ಚೆನ್ನಾಗಿ ಹೊಡೆದಿದ್ದಾನೆ" ಎಂದು ಸೇರಿಸಿದ.

ಜಂಗು ಹಿಡಿದ ಬೋಲ್ಟಿನ ಮುಂದೆ ಪದವಿ, ಸಂಬಳ, ಹುದ್ದೆ ಯಾವುದೂ ನಡೆಯುವುದಿಲ್ಲ. ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಡಬೇಕು, ಬೆಳಗ್ಗೆ ಗ್ಯಾಸಿನ ಟಾರ್ಚಿನಿಂದ ಕಾಯಿಸಬೇಕು, ಸ್ಪ್ಯಾನರಿನ ಬಾಲಕ್ಕೆ ಉದ್ದದ ಪೈಪು ತೂರಿಸಿ ಎಳೆಯಬೇಕು. ಬಿಚ್ಚಿಕೊಂಡರೆ ಪುಣ್ಯ. ಟಕ್ ಎಂದು ತುಂಡಾದರೆ ಡ್ರಿಲ್ಲು ತರಬೇಕು. ಮಧ್ಯೆ ಫೋನು ಬಂದರೆ ಆಫೀಸಿನವರಿಗೆ ನಾನು ಯಾಕೆ ಇಷ್ಟು ಏದುಸಿರು ಬಿಡುತ್ತಿದ್ದೇನೆಂದು ವಿವರಿಸಬೇಕು.

ಬಿಡಿಭಾಗಕ್ಕೆ ಬೆಂಗಳೂರಿನಲ್ಲಾದರೆ ಜೆ.ಸಿ. ರೋಡು ಇದೆ. ಹೆಸರು ಹೇಳಿದರೆ ಸಾಕು, ಒಳಗಿನ ಕತ್ತಲೆಯಿಂದ ಹುಡುಗನೊಬ್ಬ ಅದನ್ನೇ ಹಿಡಿದುಕೊಂಡು ಬರುತ್ತಾನೆ. ಇಲ್ಲಿಯ ಗುಜರಿಯಲ್ಲಿ ಬಾಗಿಲಲ್ಲಿ ಒಂದೆರಡು ಡಾಲರು ಕೊಟ್ಟು, ನಮ್ಮದೇ ಸಲಕರಣೆ ಹೊತ್ತು ಒಳಗೆ ಹೋಗಬೇಕು. ಸಾಲಾಗಿ ನಿಲ್ಲಿಸಿದ ಸತ್ತ ಗಾಡಿಗಳ ನಡುವೆ ನಮ್ಮ ಗಾಡಿಯ ಜಾತಿಯವನ್ನು ಹುಡುಕಿ, ಬೇಕಾದ್ದನ್ನು ಬಿಚ್ಚಿ ತರಬೇಕು. ಅಂದರೆ ನನ್ನ ಗಾಡಿಯಲ್ಲಿ ಒಮ್ಮೆ ಬಿಚ್ಚಿದ ಜಂಗಿನ ಬೋಲ್ಟನ್ನೇ ಅಲ್ಲಿ ಇನ್ನೊಂದು ಸಲ ಬಿಚ್ಚುವ ಸೌಭಾಗ್ಯ. ಅಲ್ಲಿ ಸಿಗುವ ಜನರೇ ಬೇರೆ. ಮೆಕ್ಸಿಕೋದವರು, ರಷ್ಯನ್ನರು, ಈಜಿಪ್ಟಿನವರು. ಯಾರ ಇಂಗ್ಲಿಷೂ ಸರಿಯಿಲ್ಲ, ಎಲ್ಲರಿಗೂ ಎಲ್ಲ ತಿಳಿಯುತ್ತದೆ. ಸ್ಪ್ಯಾನರಿಗಂತೂ ನಾನು ಇಂಗ್ಲಿಷ್‌ಟೌನ್ ಸಂತೆಗೆ ಹೋಗುತ್ತೇನೆ. 1929ರಲ್ಲಿ ಶುರುವಾದ ಸಂತೆ ಅದು, ನಮ್ಮ ಪಕ್ಕದ ಊರಿನದು. ತೀರಿಕೊಂಡ ಯಾವನೋ ಮೆಕ್ಯಾನಿಕ್ಕಿನ ಪೆಟ್ಟಿಗೆ ಇಡಿಯಾಗಿ ಬಂದಿರುತ್ತದೆ. ಹಿಡಿಯ ಮೇಲೆ ಅವನ ಹೆಸರಿನ ಮೊದಲಕ್ಷರ ಕೆತ್ತಿರುತ್ತದೆ.

ಬ್ರೇಕಿನ ಪೈಪುಗಳನ್ನು ಬದಲಿಸಿದ ಮೇಲೆ ಒಳಗಿನ ಗಾಳಿ ತೆಗೆಯಬೇಕು. ಇದು ಒಬ್ಬರಿಂದಾಗುವ ಕೆಲಸವಲ್ಲ. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹತ್ತಿರದ ನಿಪ್ಪಲ್ ಸಡಿಲಿಸಬೇಕು, ಗುಳ್ಳೆ ಹೋಗುವವರೆಗೂ ಮತ್ತೆ ಮತ್ತೆ. ಕೆಳಗಿನವರು ಹೇಳುವ ಮುಂಚೆ ಮೇಲಿನವರು ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ನಮ್ಮ ಇಷ್ಟು ವರ್ಷದ ಸಂಸಾರದಲ್ಲಿ ನಾನು ಹೇಳಿದ ಹಾಗೆ ನಮ್ಮನೆಯವಳು ಕೇಳಿದ ಏಕೈಕ ಸಂದರ್ಭ ಅದು. ಅದೂ ಅರ್ಧ ಮಾತ್ರ. ಕಿವಿಯಲ್ಲಿ ಫೋನು ಸಿಕ್ಕಿಸಿಕೊಂಡು ಶಿರಸಿಯ ತಾಯಿಯ ಹತ್ತಿರ ಅಪ್ಪೆಮಿಡಿಯ ಭಾವ ಮಾತಾಡುತ್ತ ಕೂತಿದ್ದಳು. "ಒತ್ತು." "ಒತ್ತಿದೆ. ಇಲ್ಲಮ್ಮಾ, ನಿನಗಲ್ಲ." "ಹಿಡಿ." "ಹಿಡಿದಿದೀನಿ. ಅಲ್ಲಮ್ಮಾ, ಅವರು ಗಾಡಿ ಕೆಳಗಿದಾರೆ." ಅತ್ತೆಯವರಿಗೆ ಅರ್ಥವಾದದ್ದು ಅಳಿಯ ಗಾಡಿಯ ಕೆಳಗಾದ ಎಂದು. ಶಿರಸಿಯಲ್ಲಿ ಮಾರಿಕಾಂಬೆಗೆ ಹರಕೆ ಹೊತ್ತಾದ ಮೇಲೆ ನಿಜ ಸಂಗತಿ ತಿಳಿಯಿತು. ಹರಕೆ ತೀರಿಸಿದೆವು. ಬ್ರೇಕು ಇವತ್ತಿಗೂ ಚೆನ್ನಾಗಿದೆ, ಯಾವುದರಿಂದ ಎಂದು ಹೇಳಲಾರೆ.

ಇಷ್ಟು ಮಾಡಿ ಸರ್ಕಾರದ ತಪಾಸಣೆಗೆ ಒಯ್ಯೋಣ, ಶಭಾಸ್ ಅನ್ನಿಸಿಕೊಳ್ಳೋಣ ಎಂದರೆ, 1995 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಪಿಕಪ್ಪು, ಕಾರುಗಳ ತಪಾಸಣೆಯನ್ನೇ ನ್ಯೂಜೆರ್ಸಿ ಬಿಟ್ಟುಬಿಟ್ಟಿದೆ. ತೀರಾ ಮುದಿಯಾದ ಗಾಡಿ ಏನಾದರೂ ಮಾಡಿಕೊಳ್ಳಲಿ ಎಂಬ ಉದಾರ ನೀತಿ. ಸುಧಾರಿಸಿದ್ದನ್ನು ಯಾರೂ ಪರೀಕ್ಷಿಸುವುದಿಲ್ಲ ಎಂದರೆ ಮೇಷ್ಟರು ನೋಡದ ಹೋಂವರ್ಕು ಬರೆದಷ್ಟೇ ಬೇಜಾರು. ತಪಾಸಣೆ ನಡೆದದ್ದು ಆಯುಧಪೂಜೆಯ ದಿನ, ಅದೂ ಬೀದಿಯವರಿಂದ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೆ ಸೇವಂತಿಗೆ ಹಾರ, ಕುಂಕುಮ ತುಂಬಿದ ಬೂದುಗುಂಬಳ. ಬೂದುಗುಂಬಳವನ್ನು ರಸ್ತೆಯ ಮೇಲೆ ಒಡೆಯುತ್ತೇನೆಂದಾಗ ಮುದುಕ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ತಾನೂ ಒಳಗೆ ಹೋಗಿ ತನ್ನ ಕ್ಯಾಡಿಲಾಕಿನ ಕೀಲಿ ತಂದು, "ಒಂದು ನಿಂಬೆ ಮಿಕ್ಕಿದೆಯಾ?" ಎಂದ.

ಮುದುಕನಿಂದಲೇ ನನಗೆ ಕೋಳಿ ಸುಂಕದ ಕಥೆ ಗೊತ್ತಾದದ್ದು. ಪಿಕಪ್ಪುಗಳ ಇಡೀ ಇತಿಹಾಸದಲ್ಲಿ ಇದಕ್ಕಿಂತ ರಸವತ್ತಾದ ಪ್ರಸಂಗ ಬೇರೊಂದಿಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿಮಾಂಸ ಯೂರೋಪಿಗೆ ನುಗ್ಗಿತು. ಅಲ್ಲಿನವರು ಕೋಳಿಯ ಮೇಲೆ ಸುಂಕ ಏರಿಸಿದರು. ಸಿಟ್ಟಾದ ಅಮೆರಿಕ ಆಲೂಗಡ್ಡೆಯ ಗಂಜಿಪುಡಿ, ಬ್ರಾಂದಿ, ಸಣ್ಣ ಟ್ರಕ್ಕು ಇತ್ಯಾದಿಗಳ ಮೇಲೆ ಮುಯ್ಯಿಗೆ ಮುಯ್ಯಿ ಸುಂಕ ಹಾಕಿತು. 1963ರ ಡಿಸೆಂಬರಿನಲ್ಲಿ ಸಹಿ ಹಾಕಿದ್ದು ಅಧ್ಯಕ್ಷ ಜಾನ್ಸನ್. ಉಳಿದವೆಲ್ಲ ಕಾಲಕ್ರಮೇಣ ಹೋದವು, ಟ್ರಕ್ಕಿನ ಮೇಲಿನ 25 ಪರ್ಸೆಂಟು ಮಾತ್ರ ಗಟ್ಟಿಯಾಗಿ ಕೂತಿತು. ಆಗ ಜಪಾನಿನವರು ಏನು ಮಾಡಿದರು? ಹಿಂದಿನ ತೊಟ್ಟಿ ಇಲ್ಲದ ಟ್ರಕ್ಕನ್ನು ಹಡಗಿನಲ್ಲಿ ತಂದರು. ಟೊಯೋಟಾದವರಂತೂ ತೊಟ್ಟಿಗಳನ್ನು ಕ್ಯಾಲಿಫೋರ್ನಿಯಾದಲ್ಲೇ ಮಾಡಿಸಿ ಕೂರಿಸಿದರು. ತೊಟ್ಟಿ ಇಲ್ಲದಿದ್ದರೆ ಅದು ಪೂರ್ತಿ ಟ್ರಕ್ಕಲ್ಲ, ಹಾಗಾಗಿ ಸುಂಕ ಕಡಿಮೆ. 1980ರಲ್ಲಿ ಆ ಕಿಂಡಿಯೂ ಮುಚ್ಚಿತು. ಕೊನೆಗೆ ಮಾಜ್ದಾದವರು ತಮ್ಮ ಪಿಕಪ್ಪನ್ನು ಎಡಿಸನ್ನಿನಲ್ಲೇ, ರೇಂಜರಿನ ಜೊತೆಯಲ್ಲೇ, ರೇಂಜರಿನದೇ ಮೈಗೆ ತಮ್ಮ ಹೆಸರು ಅಂಟಿಸಿ ಮಾಡಿಸಿಕೊಂಡರು. ಮುದುಕ ಎರಡಕ್ಕೂ ಅದೇ ಕೆಂಪು ಹೊಡೆದಿದ್ದಾನೆ. "ಮೇಲೆ ಹೆಸರು ಬೇರೆ, ಒಳಗೆ ಒಂದೇ" ಅಂದ. ನಮ್ಮಲ್ಲಿ ಇಷ್ಟನ್ನು ಹೇಳಲು ಮಠ ಕಟ್ಟುತ್ತಾರೆ.

ಈಗ ಓಡಿಸುವ ವಿಷಯ. ಸ್ಟೀರಿಂಗಿನಲ್ಲಿ ಸ್ವಲ್ಪ ಸಡಿಲು ಇರುವುದರಿಂದ ಗಾಡಿಗೆ ಹೋಗುವ ದಿಕ್ಕಿನ ಬಗ್ಗೆ ತನ್ನದೇ ಅಭಿಪ್ರಾಯವಿದೆ. ನಾವಿಬ್ಬರೂ ಮಾತಾಡಿಕೊಂಡು ಹೋಗುತ್ತೇವೆ. ಗ್ಯಾಲನ್ನಿಗೆ 15–16 ಮೈಲಿ ಕೊಡುತ್ತದೆ, ಅಂದರೆ ಲೀಟರಿಗೆ ಆರೂವರೆ ಕಿಲೋಮೀಟರು. ಪೆಟ್ರೋಲ್ ಹಾಕುವ ಪಂಜಾಬಿ ಹುಡುಗನಿಗೆ ನಾನು ಮನೆಯವನಾಗಿಬಿಟ್ಟಿದ್ದೇನೆ. ಕ್ಲಚ್ಚಿನ ಗಾಡಿಯಾದ್ದರಿಂದ ಬೀಗ ಹಾಕದೆ ಬಿಟ್ಟರೂ ಕದಿಯುವವರಿಲ್ಲ, ಈಗಿನ ಕಳ್ಳರಿಗೆ ಮೂರನೆಯ ಪೆಡಲ್ ಯಾತಕ್ಕೆಂದು ತಿಳಿಯದು. ಇಲ್ಲೇ ಹುಟ್ಟಿದ ನಮ್ಮ ಮಗಳೂ ಅದನ್ನು ಮೊದಲು ನೋಡಿದಾಗ "ಅದು ಕಾಲಿಟ್ಟುಕೊಳ್ಳೋಕಾ?" ಅಂದಿದ್ದಳು.

ಮತ್ತು ಆ ಸಣ್ಣ ಕೋಲು! ಇದರಲ್ಲಿ ಫೋರ್ ವೀಲ್ ಹಾಕಬೇಕೆಂದರೆ ಮೊದಲು ಇಳಿದು, ಮುಂದಿನ ಒಂದೊಂದು ಚಕ್ರದ ನಡುವಿನ ಹಬ್ಬನ್ನೂ ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು. ಆಮೇಲೆ ಒಳಗೆ ಬಂದು ಕೋಲು ಎಳೆಯಬೇಕು. ಒಣಗಿದ ಡಾಂಬರಿನ ಮೇಲೆ ಹಾಕುವ ಹಾಗಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹೋಗುತ್ತವೆ, ಈ ಗಾಡಿಯ ಕೋಲು ಮಾತ್ರ ಮುಂದಿನ ಹಿಂದಿನ ಎರಡೂ ಶಾಫ್ಟುಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕಿಬಿಡುತ್ತದೆ. ಕೆಸರಿನಲ್ಲಿ, ಹಿಮದಲ್ಲಿ, ಮರಳಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ಜಗಳ ಬಗೆಹರಿಯುತ್ತದೆ. ಡಾಂಬರಿನ ಮೇಲೆ ಜಾರಲು ಜಾಗವಿಲ್ಲದೆ ಗೇರುಗಳು ಹಲ್ಲು ಕಡಿಯುತ್ತವೆ. ಹೀಗಾಗಿ ಓಲ್ಡ್ ಬ್ರಿಡ್ಜ್‌ನಲ್ಲಿ ಆ ಕೋಲು ಎಳೆಯಲು ಹಿಮವೇ ಬೀಳಬೇಕು. ಹಿಮ ಜೋರಾಗಿ ಬಿದ್ದ ದಿನ ಗವರ್ನರರು ಟೀವಿಯಲ್ಲಿ ಬಂದು, ದಯವಿಟ್ಟು ಯಾರೂ ರಸ್ತೆಗಿಳಿಯಬೇಡಿ ಎಂದು ಕೈ ಮುಗಿಯುತ್ತಾರೆ. ನಾನು ಹಬ್ಬು ಲಾಕ್ ಮಾಡಿ ನಮ್ಮ ಬೀದಿಯಲ್ಲೇ ಹಾಲು ತರುವ ನೆಪದಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ಆಗ ಮೂರು ಗ್ಯಾಲನ್ ಹಾಲು ಇರುತ್ತದೆ.

ಮನಸಾರೆ ಫೋರ್ ವೀಲ್ ಹಾಕಬೇಕೆಂದರೆ ಐಲಂಡ್ ಬೀಚ್ ಸ್ಟೇಟ್ ಪಾರ್ಕಿಗೆ ಹೋಗಬೇಕು, ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದು ದಕ್ಷಿಣಕ್ಕೆ. ಅಟ್ಲಾಂಟಿಕ್ಕಿನ ಅಂಚಿನಲ್ಲಿ ಮೈಲಿಗಟ್ಟಲೆ ಬರೀ ಮರಳು, ಅದರ ಮೇಲೆ ಗಾಡಿ ಓಡಿಸಲು ಪರವಾನಗಿ ಕೊಡುತ್ತಾರೆ. ಷರತ್ತುಗಳಿವೆ. ಗಾಡಿ ಫೋರ್ ವೀಲ್ ಇರಬೇಕು. ಎಳೆಯುವ ಹಗ್ಗ, ಸಲಿಕೆ, ಜಾಕಿಯ ಕೆಳಗಿಡಲು ಹಲಗೆ, ಗಾಳಿ ನೋಡುವ ಮೀಟರು ಇರಬೇಕು. ಕೊನೆಯ ಷರತ್ತು ನನ್ನಂಥವನನ್ನು ಉದ್ದೇಶಿಸಿಯೇ ಬರೆದದ್ದು: ಬಂದವರು ಮೀನು ಹಿಡಿಯುತ್ತಿರಬೇಕು. ಸುಮ್ಮನೆ ಗಾಳಿ ತಿನ್ನಲು ಹೋಗುವ ಹಾಗಿಲ್ಲ.

ಹುಟ್ಟಾ ಸಸ್ಯಾಹಾರಿಯ ಈ ಧರ್ಮಸಂಕಟವನ್ನು ಪರಿಹರಿಸಿದವನು ಕುಂದಾಪುರದ ಗೆಳೆಯ. ಎಡಿಸನ್ನಿನಲ್ಲಿ ಬ್ಯಾಂಕಿನ ಸಾಫ್ಟ್‌ವೇರ್ ಬರೆಯುತ್ತ ಸಮುದ್ರಕ್ಕಾಗಿ ಹಂಬಲಿಸುತ್ತಿದ್ದವನು. ಗಾಡಿ ನನ್ನದು, ಗಾಳ ಅವನದು, ಚಿತ್ರಾನ್ನ ನಮ್ಮನೆಯವಳದು ಎಂದು ಒಪ್ಪಂದವಾಯಿತು. ಮರಳಿನ ಬಾಗಿಲಲ್ಲಿ ಚಕ್ರದ ಗಾಳಿಯನ್ನು 32ರಿಂದ 18ಕ್ಕೆ ಇಳಿಸಿದೆವು. ಟೈರು ಅಗಲವಾಗಿ ಹರಡಿ ಮರಳಿನ ಮೇಲೆ ಕೂತಿತು. ಹಬ್ಬು ಲಾಕ್, ಕೋಲು, ಕ್ಲಚ್ಚು. ಗಾಡಿ ಮುಕ್ಕಿ ಮೂಗು ಎತ್ತಿತು. "ಗಟ್ಟಿ ಹಿಡ್ಕಳಿ" ಎಂದು ನನ್ನ ಬಾಯಿಂದ ತಾನಾಗಿ ಬಂತು. ಹಿಡಿದುಕೊಳ್ಳುವಂಥದ್ದೇನೂ ಆಗಲಿಲ್ಲ, ಗಂಟೆಗೆ ಹತ್ತು ಮೈಲಿಯ ವೇಗ.

ಗೆಳೆಯ ಗಾಳಕ್ಕೆ ಸಿಕ್ಕಿಸಲು ತಂದ ಮೀನನ್ನು ಬೆಳಕಿಗೆ ಹಿಡಿದು ನೋಡಿ ಸಂಕಟಪಟ್ಟ. ಇಲ್ಲಿ ಬಂಕರ್ ಅನ್ನುತ್ತಾರೆ, ಮೆನ್‌ಹೇಡನ್ ಜಾತಿಯದು, ಬೇರೆ ಮೀನು ಹಿಡಿಯಲು ಇದು ಎರೆ. "ಇದ್ ನಮ್ ಬೂತಾಯಿ ನೆಂಟ ಅಲ್ದಾ ಮಾರಾಯಾ! ಇದನ್ನ್ ತಿಂಬುದ್ ಬಿಟ್ಟ್ ಗಾಳಕ್ಕೆ ಹಾಕುದಾ?" ಮಧ್ಯಾಹ್ನದವರೆಗೂ ಅವನಿಗೆ ಅದೇ ದುಃಖ. ಪಾರ್ಕಿನ ಅಧಿಕಾರಿ ಗಾಡಿ ನಿಲ್ಲಿಸಿ, ಏನಾದರೂ ಕಚ್ಚಿತೇ ಎಂದು ಕೇಳಿದ. ನನ್ನನ್ನು ಅಷ್ಟು ಹೊತ್ತಿಗೆ ಹಸಿರು ತಲೆಯ ನೊಣಗಳು ಮೊಣಕಾಲಿನಿಂದ ಕೆಳಗೆ ಒಂದಿಂಚೂ ಬಿಡದೆ ಕಚ್ಚಿದ್ದವು. ಹೌದು ಅಂದೆ. ಸುಳ್ಳು ಹೇಳುವ ಸಂದರ್ಭ ಬರಲಿಲ್ಲ.

ಆದರೆ ಇಂಥ ವಿಹಾರಕ್ಕೆ ಪುರುಸೊತ್ತು ಸಿಗುವುದು ಅಪರೂಪ. ಪಿಕಪ್ ಇದ್ದವನಿಗೆ ಶನಿವಾರ ಎಂಬುದು ಸ್ವಂತದ್ದಲ್ಲ. ಗುರುವಾರ ರಾತ್ರಿಯಿಂದಲೇ ಫೋನು ಶುರು. ಮೊದಲು ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ಮಕ್ಕಳ ಓದು. ಆಮೇಲೆ ಒಂದು ಸಣ್ಣ ಮೌನ. "ಗಾಡಿ ಈ ವಾರ ಖಾಲಿ ಇದೆಯಾ?" ಮಾರ್ಲ್‌ಬರೋದಿಂದ ಸೋಫಾ ತರಬೇಕು. ಸೇರ್‌ವಿಲ್‌ಗೆ ಹಾಸಿಗೆ ಒಯ್ಯಬೇಕು. ಯಾರದೋ ಮಗನನ್ನು ರಟ್ಗರ್ಸ್‌ ಹಾಸ್ಟೆಲ್ಲಿಗೆ ಬಿಡಬೇಕು, ಅವನ ಜೊತೆ ಒಂದು ಫ್ರಿಜ್ಜು ಮತ್ತು ಅವನಮ್ಮ ಮಾಡಿದ ಹುಳಿಪುಡಿ, ಚಟ್ನಿಪುಡಿಯ ಡಬ್ಬಿಗಳು ಒಂದು ಕಾಲೇಜಿಗೆ ಸಾಲುವಷ್ಟು. ರಾಜ್ಯೋತ್ಸವ ಬಂತೆಂದರೆ ಭುವನೇಶ್ವರಿಯ ದೊಡ್ಡ ಪಟ, ಸಿಂಹಾಸನ, ಥರ್ಮೊಕೋಲಿನ ಹಂಪಿ ಕಲ್ಲಿನ ರಥ, ಎಲ್ಲವೂ ನನ್ನ ತೊಟ್ಟಿಗೇ. "ಬೃಂದಾವನಕ್ಕೆ ಮುಟ್ಟಿಸಿಬಿಡಿ ಸಾರ್" ಎಂದು ಒಬ್ಬರು ಹೇಳಿದರೆ ಯಾವುದು ಎಂದು ಕೇಳಿಕೊಳ್ಳುತ್ತೇನೆ. ಬೃಂದಾವನ ನಮ್ಮ ಕನ್ನಡ ಕೂಟದ ಹೆಸರು, ಎಡಿಸನ್ನಿನಲ್ಲಿ ಪುತ್ತಿಗೆ ಮಠದವರ ಶ್ರೀಕೃಷ್ಣ ವೃಂದಾವನವೂ ಇದೆ. ಬಾಳೆಕಂದು ಎರಡು ಕಡೆಗೂ ಬೇಕಾಗುತ್ತದೆ. ಹಂಪಿ ರಥ ಪಾರ್ಕ್‌ವೇಯಲ್ಲಿ ಹೋಗುವಾಗ ಪಕ್ಕದ ಗಾಡಿಗಳವರು ಫೋಟೋ ತೆಗೆದುಕೊಳ್ಳುತ್ತಾರೆ. ಥರ್ಮೊಕೋಲಿನ ಒಂದು ಚಕ್ರ ಒಮ್ಮೆ ಹಾರಿ ಹೋದಾಗಲೂ ತೆಗೆದುಕೊಂಡರು.

ಇವರೆಲ್ಲರ ಮನೆಯೆದುರೂ ನನ್ನ ಗಾಡಿಯ ಹತ್ತು ಪಟ್ಟು ಬೆಲೆಯ ಕಾರುಗಳಿವೆ, ಕೆಲವಕ್ಕೆ ನಾಲ್ಕು ಚಕ್ರಕ್ಕೂ ಶಕ್ತಿಯಿದೆ. ತೊಟ್ಟಿ ಇಲ್ಲ, ಗೀಚು ಬಿದ್ದರೆ ಪರವಾಗಿಲ್ಲ ಎನ್ನುವ ಧೈರ್ಯವೂ ಇಲ್ಲ. ಅಂಗಡಿಯಲ್ಲಿ ಸಿಗುವ ಹೊಸ ಪಿಕಪ್ಪುಗಳದ್ದು ಇನ್ನೊಂದು ಕಥೆ. ರೇಂಜರನ್ನೇ 2011ರಲ್ಲಿ ಇಲ್ಲಿ ನಿಲ್ಲಿಸಿ, 2019ರಲ್ಲಿ ಮತ್ತೆ ತಂದಾಗ ಅದು ಊದಿಕೊಂಡು ಬಂದಿತ್ತು. ಅದರ ತೊಟ್ಟಿಯಂಚಿಗೆ ನನ್ನ ಮೊಣಕೈ ಎಟಕುವುದಿಲ್ಲ. ಬಗ್ಗಿ ಒಂದು ಗೊಬ್ಬರದ ಚೀಲ ಎತ್ತಿಕೊಳ್ಳಲಾಗದ ಪಿಕಪ್ಪನ್ನು ನಾನು ಪಿಕಪ್ ಎಂದು ಒಪ್ಪುವುದಿಲ್ಲ.

ನಾನು ಗೊಣಗುತ್ತೇನೆ, ಹೋಗುತ್ತೇನೆ. ಸೋಫಾ ಇಳಿಸಿದ ಮನೆಯಲ್ಲಿ ಕಾಫಿ, ಕಾಫಿಯ ಜೊತೆ ಕೋಡುಬಳೆ, ಮಾತಿನ ಮಧ್ಯೆ ಅವರ ದೊಡ್ಡಪ್ಪ ನಮ್ಮ ತಾಳಗುಪ್ಪದ ಕಡೆ ಮೇಷ್ಟರಾಗಿದ್ದರು ಎಂದು ಹೊರಬೀಳುತ್ತದೆ. ಕಾರಿನಲ್ಲಿ ಓಡಾಡಿಕೊಂಡಿದ್ದಾಗ ಈ ಊರಿನಲ್ಲಿ ನನಗೆ ಗೊತ್ತಿದ್ದ ಮನೆ ನಾಲ್ಕೋ ಐದೋ. ಈಗ ಯಾರ ಮನೆಯ ಮೆಟ್ಟಿಲು ಎಲ್ಲಿ ತಿರುಗುತ್ತದೆ, ಯಾರ ಬಾಗಿಲು ಕಳಚದೆ ಮಂಚ ಒಳಗೆ ಹೋಗುವುದಿಲ್ಲ, ಎಲ್ಲ ಗೊತ್ತು. ಗೌಡರ ಡ್ರೈವರಿಗೂ ಹೀಗೇ ಗೊತ್ತಿತ್ತು. ಅವನಿಗೆ ಊರಿನಲ್ಲಿ ಮಧ್ಯಾಹ್ನದ ಊಟ ಎಲ್ಲಿ ಎಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

ಗೌಡರು ಈಗಿಲ್ಲ, ಅವರ ಜೀಪು ಇದೆ. 2025ರ ಜುಲೈಯಲ್ಲಿ ಶರಾವತಿಯ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಮೀರಿದ ಸೇತುವೆ ಸಂಚಾರಕ್ಕೆ ತೆರೆಯಿತು. ಅರವತ್ತು ವರ್ಷ ಕಾದದ್ದು ಈಗ ಕೆಲವೇ ನಿಮಿಷದ ದಾರಿ. ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ಸಾಗರದಿಂದ ಆಂಬುಲೆನ್ಸ್ ಬರುತ್ತದೆ, ಟ್ಯಾಕ್ಸಿ ಬರುತ್ತದೆ. ಜೀಪು ಕೊಟ್ಟಿಗೆಯ ಪಕ್ಕ ನಿಂತಿದೆಯಂತೆ. ಮೊನ್ನೆ ಅಣ್ಣ ಫೋನು ಮಾಡಿದಾಗ ಮಾತಿನ ಕೊನೆಗೆ, "ಗೌಡ್ರ ಮಗ ಜೀಪು ಕೊಡ್ತಾನಂತೆ. ಗುಜರಿಯವ್ರು ಬಂದು ನೋಡ್ಕಂಡು ಹೋದ್ರು" ಅಂದ.

ಇಪ್ಪತ್ತೈದು ವರ್ಷ ದಾಟಿದ ಗಾಡಿಯನ್ನು ಅಮೆರಿಕಕ್ಕೆ ತರಲು ಇಲ್ಲಿನ ಸುರಕ್ಷತಾ ನಿಯಮಗಳು ಅಡ್ಡ ಬರುವುದಿಲ್ಲ. ಈ ವಿಷಯ ನನಗೆ ಮೊದಲೇ ಹೇಗೋ ತಿಳಿದಿತ್ತು. ಮಂಗಳೂರಿನಿಂದ ಹಡಗು ಎಂದೂ, ನ್ಯೂವಾರ್ಕಿನ ಬಂದರು ನಮ್ಮ ಮನೆಗೆ ಎಷ್ಟು ಹತ್ತಿರ ಎಂದೂ ಹೊಳೆಯಿತು. ದನಿ ತಗ್ಗಿಸಿ, "ಫೋರ್ ವೀಲ್ ಬೀಳ್ತದಾ?" ಎಂದು ಕೇಳಿದೆ.

ಅಣ್ಣ ಉತ್ತರಿಸುವ ಮೊದಲು ಫೋನು ನನ್ನ ಕೈಯಿಂದ ಹೋಯಿತು. "ಭಾವಾ, ಬೀಳಲ್ಲ ಅಂತ ಹೇಳಿಬಿಡಿ" ಎಂದಳು ನಮ್ಮನೆಯವಳು.